ಆರೋ ಅಕ್ಕಿ, ತಿನ್ನೋ ಅಕ್ಕಿ

ಜೂನ್ 16, ಸೋಮವಾರ

ಗಂಟಲು ಮತ್ತೆ ಹಿಡಿದಿದೆ. ಬೆಳಿಗ್ಗೆ ಬಿಸಿನೀರು, ಉಪ್ಪು, ಮೆಣಸು. ಇವರು ಡ್ಯೂಟಿಗೆ ಹೊರಟವರು ಬಾಗಿಲಲ್ಲೇ ನಿಂತು, "ಅಷ್ಟೊಂದ್ ಕಿರುಚುದ್ರೆ ಗಂಟ್ಲು ಏನ್ ಕಬ್ಬುಣದ್ದಾ? ನಮ್ ಬಸ್ಸಿಗೂ ಆಗಾಗ ಸೈಲೆನ್ಸರ್ ಬದ್ಲಾಯಿಸ್ತರೆ ಕಣಮ್ಮಿ" ಎಂದರು. ಸೈಲೆನ್ಸರ್ ನನಗೆ ಬೇಕಾಗಿಲ್ಲ, ಊಟಿ ರಸ್ತೆಗೆ ಬೇಕು.

ಚಾಮರಾಜನಗರದಿಂದ ಗುಂಡ್ಲುಪೇಟೆಯ ಶಾಲೆಗೆ ನಾನು ಹೋಗುವ ಬಸ್ಸು ಬೇರೆ, ಇವರು ಓಡಿಸುವ ಬಸ್ಸು ಬೇರೆ. ಒಂದೇ ಆಗಿದ್ದರೆ ದಾರಿಯುದ್ದಕ್ಕೂ ಡ್ರೈವಿಂಗ್ ಹೇಗೆ ಮಾಡಬೇಕೆಂದು ನಾನು ಹೇಳಿಕೊಡುತ್ತಿದ್ದೆ. ದೇವರು ದೊಡ್ಡವನು.

ಐದನೇ ತರಗತಿ, ಅದೇ ಕೊಠಡಿ. ಊಟಿ ರಸ್ತೆಗೆ ಎರಡು ಕಿಟಕಿ, ಮೇಲೆ ತಗಡು. ಪದ್ಯ ಓದುತ್ತಿದ್ದೆ. ಹನ್ನೊಂದೂಮುಕ್ಕಾಲರ ಹೊತ್ತಿಗೆ, ಇವರ ಬಂಡೀಪುರದ ಟ್ರಿಪ್ಪು — ಪೋಂ, ಪೋಂ. ಮಕ್ಕಳೆಲ್ಲ ಒಂದೇ ದನಿಯಲ್ಲಿ, "ಮಿಸ್, ನಿಮ್ಮೋರು ವೋದ್ರು!" 'ಶಾಲಾ ವಲಯ, ಹಾರ್ನ್ ಮಾಡಬೇಡಿ' ಬೋರ್ಡಿನ ಪಕ್ಕದಲ್ಲೇ ಹೊಡೆಯುತ್ತಾರೆ. ಆ ಬೋರ್ಡು ಹಾಕಿಸಿದವಳು ನಾನೇ.

ಶಿವರಂಜಿನಿ ಕೇಳಿದಳು, "ಯಾಕ್ ಮಿಸ್ ಯಾವಾಗ್ಲೂ ಎರಡೇ ಸಲ?" ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇವರನ್ನೇ ಕೇಳಿದೆ. "ಒಂದ್ ಒಡುದ್ರೆ ದನುಕ್ಕೆ ಅನ್ಕತರೆ. ಮೂರ್ ಒಡುದ್ರೆ ಡಿಪೋಲಿ ಮೆಮೊ. ಸುಮ್ಕೆ ಉಣ್ಣು."

ಜೂನ್ 20, ಶುಕ್ರವಾರ

ನಕ್ಕಿದ್ದೇ ನಕ್ಕಿದ್ದು. ಈಗ ಯಾಕೋ ಬೇಜಾರು.

'ನಾನು ಹೇಳಿದ್ದನ್ನು ತಿರುಗಿ ಹೇಳಿ' ಆಟ. ಶಿವರಂಜಿನಿ ಎತ್ತರದ ಹುಡುಗಿ, ಹಿಂದಿನ ಬೆಂಚು, ಕಿಟಕಿ ಪಕ್ಕ. ನಾನು, "ಹಕ್ಕಿ ಹಾರಿತು" ಎಂದೆ. ಎದ್ದು ನಿಂತು ಗಂಭೀರವಾಗಿ — "ಅಕ್ಕಿ ಆರಿತು." ಮನೆಯಲ್ಲಿ ತಾವೂ ಹಾಗೇ ಅನ್ನುವುದು ಮರೆತು ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಆರಿದ್ದರೆ ಡಬ್ಬಕ್ಕೆ ತುಂಬಮ್ಮ" ಎಂದುಬಿಟ್ಟೆ. ಇನ್ನೂ ನಗು. ಅವಳೊಬ್ಬಳೇ ನಗಲಿಲ್ಲ. ಯಾರು ಯಾಕೆ ನಗುತ್ತಿದ್ದಾರೆಂದು ಮುಖ ಮುಖ ನೋಡಿದಳು.

ಹಕಾರದ ಜೊತೆ ನನ್ನದು ಹಳೇ ಜಗಳ. ನಮ್ಮ ಕಡೆ ಅದು ಪುಸ್ತಕದಲ್ಲಿ ಮಾತ್ರ ಇರುವ ಅಕ್ಷರ. ಮನೆಯಲ್ಲಿ ಆಲು, ಅಣ್ಣು, ಊವು. ಶಾಲೆಗೆ ಬಂದ ಕೂಡಲೇ ಹಾಲು, ಹಣ್ಣು, ಹೂವು ಎನ್ನಿ ಎಂದು ಬೆನ್ನು ಹತ್ತುತ್ತೇನೆ. ಮನೆಗೆ ಹೋಗಿ ನಾನೇ ಇವರಿಗೆ, "ಓಗಿ ಆಲು ತಕಬನ್ನಿ" ಎನ್ನುತ್ತೇನೆ.

ಜೂನ್ 24, ಮಂಗಳವಾರ

ಚಾಮರಾಜನಗರದಲ್ಲಿ ಎರಡು ದಿನದ ತರಬೇತಿ ಮುಗಿಯಿತು. ವಿಷಯ: ತರಗತಿಯಲ್ಲಿ ಶಬ್ದ. ಇದಕ್ಕೂ ಒಂದು ತರಬೇತಿಯಾ ಎಂದುಕೊಂಡೇ ಹೋಗಿದ್ದೆ. ಹಾಲ್ ಎಷ್ಟು ಗವ್ ಎನ್ನುತ್ತಿತ್ತೆಂದರೆ ಹಿಂದೆ ಕೂತವರಿಗೆ ಶಬ್ದದ ಬಗ್ಗೆ ಒಂದು ಶಬ್ದವೂ ಕೇಳಿಸಲಿಲ್ಲ. ನಾನು ಎದ್ದು ಹೋಗಿ ಮುಂದೆ ಕೂತೆ.

ಮೈಸೂರಿನಿಂದ ಬಂದಿದ್ದ ಹುಡುಗಿ ಚೆನ್ನಾಗಿ ಹೇಳಿದಳು. ಮಕ್ಕಳಿಲ್ಲದ ಖಾಲಿ ಕೊಠಡಿಯಲ್ಲಿ ಮೂವತ್ತೈದು ಡೆಸಿಬೆಲ್ ದಾಟಬಾರದಂತೆ. ಚಪ್ಪಾಳೆ ತಟ್ಟಿದರೆ ಅರೆ ಸೆಕೆಂಡು, ಇನ್ನೊಂದು ಚೂರು — ಅಷ್ಟರಲ್ಲಿ ಅದರ ಗುಂಯ್ ಸತ್ತುಹೋಗಬೇಕಂತೆ. ಇಲ್ಲದಿದ್ದರೆ ಹಿಂದಿನ ಮಾತಿನ ಬಾಲ ಮುಂದಿನ ಮಾತಿನ ತಲೆ ಮೇಲೆ ಕೂರುತ್ತದೆ. ಗದ್ದಲ ಮೊದಲು ನುಂಗುವುದು ಮೆತ್ತಗಿನ ಅಕ್ಷರಗಳನ್ನು. ಸ, ತ, ಪ... ಎಲ್ಲಕ್ಕಿಂತ ಮೊದಲು ಹ. ಅದು ಬರೀ ಉಸಿರು ತಾನೇ.

ಕೊನೆಗೆ ಒಂದು ಮಾತು ಹೇಳಿದಳು: "ಬೋರ್ಡು ಕಾಣದ ಮಗುವಿಗೆ ಕನ್ನಡಕ ಕೊಡಿಸ್ತೀವಿ. ಪಾಠ ಕೇಳದ ಮಗುವಿಗೆ 'ಗಮನ ಇಟ್ಟು ಕೇಳು' ಅಂತ ಬೈತೀವಿ."

ಶಬ್ದ ಅಳೆಯುವ ಆ್ಯಪ್ ಹಾಕಿಕೊಟ್ಟಿದ್ದಾಳೆ. ಮನೆಯಲ್ಲಿ ಮಿಕ್ಸಿ ಅಳೆದೆ, ಕುಕ್ಕರ್ ಅಳೆದೆ. ಇವರ ಗೊರಕೆ ಅಳೆಯುವುದರಲ್ಲಿದ್ದೆ, ಎಚ್ಚರವಾಗಿಬಿಟ್ಟರು.

ಜೂನ್ 28, ಶನಿವಾರ

ಮಕ್ಕಳು ಹೋದ ಮೇಲೆ ಖಾಲಿ ಕೊಠಡಿ ಅಳೆದೆವು, ನಾನು ಮತ್ತು ನಮ್ಮ ಹೆಡ್ಮಾಸ್ಟರು ನೀಲಕಂಠಸ್ವಾಮಿ. ಮೂವತ್ತೈದಂತೆ ಮೂವತ್ತೈದು! ಸುಮ್ಮನೆ ನಿಂತರೇ ಅರವತ್ತೈದು. ಈರುಳ್ಳಿ ಲಾರಿ ಗೇರು ಬದಲಿಸಿದರೆ ಎಂಬತ್ತೆರಡು. ಚಪ್ಪಾಳೆ ತಟ್ಟಿದರೆ ಟಪ್ ಎಂದದ್ದು ತಗಡಿಗೆ ಹೋಗಿ, ಗೋಡೆಗೆ ಬಂದು, ನೆಲಕ್ಕೆ ಬಿದ್ದು, ಮತ್ತೆ ಎದ್ದು...

ಆಗ ಪೋಂ, ಪೋಂ. ಅಂಕಿ ಕೆಂಪಾಯಿತು. ತೊಂಬತ್ತಾರು.

"ಅಬ್ಬಾ! ಇವತ್ತಿನ ದೊಡ್ಡ ಶಬ್ದ ಇದೇ ನೋಡಿ ಭಾಗ್ಯ ಮಿಸ್. ಕೇರಳದ ಲಾರೀನಾ?"

"ಇರಬೇಕು ಸರ್."

ಅವರು ಸೂರು ನೋಡುತ್ತಾ ನಿಂತರು. ಶಾಲೆಯ ನಾಯಿಗೂ ಗೊತ್ತು ಅದು ಯಾವ ಬಸ್ಸೆಂದು. ಒಳ್ಳೆಯ ಮನುಷ್ಯ.

ನನಗೆ ಅದನ್ನು ಗದ್ದಲದ ಲೆಕ್ಕಕ್ಕೆ ಸೇರಿಸಲು ಮನಸ್ಸಿಲ್ಲ. ಲಾರಿ ಗದ್ದಲ. ಬೆಂಚು ಗದ್ದಲ. ಇದು ನಮ್ಮ ಮನೆಯವರು. ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದು ದಿನ ನನ್ನ ಹೆಸರು ಹಿಡಿದು ಕರೆದವರಲ್ಲ. ಅಮ್ಮಿ, ಏಯ್, ಜನರಿದ್ದರೆ 'ನಮ್ ಮೇಡಮ್ಮೋರು'. ಫೋನಿನಲ್ಲಿ ನನ್ನ ನಂಬರು 'ಸ್ಕೂಲ್' ಎಂದಿದೆ. ಇವರ ಕಡೆ ಗಂಡಸರು ಹಾಗೇ, ಹೆಂಡತಿ ಹೆಸರು ಹೇಳಲು ನಾಚಿಕೆ. ನಾನೇನು ಕಡಿಮೆ? ಯಾರೂ ಓದದ ಈ ದಿನಚರಿಯಲ್ಲೂ 'ಇವರು' ಎಂದೇ ಬರೆಯುತ್ತೇನೆ, ಹೆಸರು ಬರೆಯಲು ಕೈ ಓಡುವುದಿಲ್ಲ. ಹಾಗಿರುವಾಗ ದಿನಕ್ಕೊಂದು ಸಲ ಬರುವ ಆ ಪೋಂ ಪೋಂ — ನನಗೆ ಬೇಕು. ಬೇಕು ಅಷ್ಟೇ.

ಜುಲೈ 2, ಬುಧವಾರ

ಶಿವರಂಜಿನಿಯ ತಾಯಿ ರಾಚಮ್ಮ ಬಂದಿದ್ದಳು. ತರಕಾರಿ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸ. ಸೆರಗಿನಲ್ಲಿ ಇನ್ನೂ ಸಿಪ್ಪೆ ಅಂಟಿಕೊಂಡಿತ್ತು.

"ನನ್ ಮಗೀಗೆ ಓದು ತಲೆಗತ್ತಲ್ಲ ಬುಡಿ ಮಿಸ್. ಗೌರಿ ಅಬ್ಬುಕ್ಕೆ ಅರವೇಗೆ ಓಯ್ತೀವಿ. ಅಲ್ಲೇ ನಮ್ಮವ್ವನ ತಾವು ಬುಟ್ಬುಟ್ ಬತ್ತೀನಿ. ಆಡು ಮೇಯಿಸ್ಕಂಡಿರ್ಲಿ."

"ಬುದ್ಧಿವಂತೆ ಕಣಮ್ಮ ಅವಳು."

"ನೀವ್ ಅಂಗಂತೀರಿ. ಐಕ್ಳೆಲ್ಲ ಅಕ್ಕಿಡಬ್ಬ, ಅಕ್ಕಿಡಬ್ಬ ಅಂತ ಆಡ್ಕತವಂತೆ. ರಾತ್ರಿ ಎಲ್ಲಾ ಅಳ್ತಳೆ."

ಡಬ್ಬ ಕೊಟ್ಟವಳು ನಾನು. ಹಬ್ಬದವರೆಗೆ ನನಗೆ ಬಿಟ್ಟುಕೊಡು, ಆಮೇಲೆ ನಿನ್ನಿಷ್ಟ ಎಂದೆ. "ನೋಡನ ತಕಳಿ" ಎಂದು ಹೋದಳು. ಆ ಹುಡುಗಿಯನ್ನು ಅಜ್ಜಿಯ ಊರು ಹರವೆಗೆ ಆಡಿನ ಹಿಂದೆ ಕಳಿಸಿದರೆ ನಾನು ಮೇಷ್ಟ್ರು ಕೆಲಸ ಮಾಡಿದ್ದೂ ಸಾಕು.

ಜುಲೈ 7, ಸೋಮವಾರ

ಶಿವರಂಜಿನಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎಡಗಿವಿಯ ತಮಟೆಯಲ್ಲಿ ಸಣ್ಣ ತೂತು. ಸೋರುತ್ತಿತ್ತಂತೆ, ಹತ್ತಿ ತುರುಕಿಕೊಂಡು ಸುಮ್ಮನಿದ್ದಳಂತೆ. ವಾಸಿಯಾಗುತ್ತದೆ, ನಿಧಾನ ಎಂದರು ಡಾಕ್ಟರು. ಬಲಗಿವಿ ಚೆನ್ನಾಗಿದೆ.

ಬಲಗಿವಿ ಇದ್ದದ್ದು ಕಿಟಕಿ ಕಡೆ. ಒಳ್ಳೆಯ ಕಿವಿ ಪೂರ್ತಿ ಊಟಿ ರಸ್ತೆಗೆ, ಸೋರುವ ಕಿವಿ ನನಗೆ. ಈ ಹುಡುಗಿಗೆ ಲಾರಿಗಳ ಪಾಠವಾಗಿದೆ, ನನ್ನದಲ್ಲ. ಮುಂದಿನ ಬೆಂಚಿಗೆ, ಕಿಟಕಿಯಿಂದ ದೂರ, ಆ ಪಕ್ಕಕ್ಕೆ ತಂದು ಕೂರಿಸಿದೆ. ಸ್ವಲ್ಪ ವಾಸಿ. ಸ್ವಲ್ಪವೇ.

ಜುಲೈ 14, ಸೋಮವಾರ

ಇವತ್ತಿನದು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಬಾಯಲ್ಲಿ ಹೇಳಿಸಿದರೆ ನಮ್ಮೂರ ಮಕ್ಕಳದು ಏನೂ ತಿಳಿಯುವುದಿಲ್ಲ. ಹಕ್ಕಿ ಎಂದು ಕೇಳಿಸಿದರೂ ಅಕ್ಕಿ ಎನ್ನುತ್ತವೆ, ಅಕ್ಕಿ ಎಂದು ಕೇಳಿಸಿದರೂ ಅಕ್ಕಿಯೇ. ಅದಕ್ಕೆ ಚಿತ್ರ ಬರೆದೆ. ಒಂದು ಹಾಳೆಯಲ್ಲಿ ಹಕ್ಕಿ, ಒಂದರಲ್ಲಿ ಅಕ್ಕಿ ರಾಶಿ. ಹಾಡು ಹೇಳುವ ಹೆಂಗಸು, ಆಡು. (ನನ್ನ ಆಡು ನಾಯಿಯ ಹಾಗಿತ್ತು. ಇರಲಿ.) ಬಾಯಿ ಬೇಡ, ಬೆರಳು ತೋರಿಸು ಎಂದೆ.

ರಸ್ತೆ ಕೊಠಡಿಯಲ್ಲಿ, ಶಿವರಂಜಿನಿಯನ್ನು ಮತ್ತೆ ಹಿಂದಿನ ಬೆಂಚಿನಲ್ಲಿ ಕೂರಿಸಿದೆ — ಹಕ್ಕಿ ಎಂದರೆ ಅಕ್ಕಿಗೆ ಬೆರಳು. ಹಾಡು ಎಂದರೆ ಆಡಿಗೆ. ಸುಮ್ಮನೆ ಊಹೆ ಹೊಡೆಯುತ್ತಿದ್ದಳು, ಮುಖದಲ್ಲೇ ಗೊತ್ತಾಗುತ್ತಿತ್ತು.

ಹಿಂದುಗಡೆ ಸ್ಟಾಫ್ ರೂಮಿಗೆ ಕರೆದುಕೊಂಡು ಹೋದೆ. ಆರ್‌ಸಿಸಿ ಚಾವಣಿ, ರಸ್ತೆಗೆ ಬೆನ್ನು, ಕಿಟಕಿ ಹೊರಗೆ ಬೇವಿನ ಮರ. ಅಷ್ಟೇ ದೂರ, ಅಷ್ಟೇ ದನಿ. ಹಕ್ಕಿ ಎಂದೆ. ಬೆರಳು ಹಕ್ಕಿಯ ಮೇಲೆ. ಹಾಡು — ಹೆಂಗಸಿನ ಮೇಲೆ. ಒಂದೂ ತಪ್ಪಲಿಲ್ಲ.

"ಏನಿದು, ಹೇಳು" ಎಂದೆ.

"ಅಕ್ಕಿ ಮಿಸ್."

"ಯಾವ ಅಕ್ಕಿ?"

"ಆರೋ ಅಕ್ಕಿ ಮಿಸ್. ತಿನ್ನೋ ಅಕ್ಕಿ ಅಲ್ಲ."

ತಬ್ಬಿಕೊಂಡುಬಿಟ್ಟೆ. ಅವಳಿಗೆ ಹಕಾರ ಕೇಳಿಸುತ್ತದೆ! ಬಾಯಿಗೆ ಬರುವುದಿಲ್ಲ, ಬಾರದಿದ್ದರೆ ಪೀಡೆ ಹೋಯಿತು, ಅವಳ ಅಜ್ಜಿಗೂ ಬರುವುದಿಲ್ಲ, ನಮ್ಮ ಅವ್ವನಿಗೂ ಬರುತ್ತಿರಲಿಲ್ಲ. ಇಷ್ಟು ವರ್ಷ ಮಕ್ಕಳ ಬಾಯಿ ತಿದ್ದುತ್ತಾ ಕೂತೆ. ಕಿವಿಗೆ ಏನು ಬೀಳುತ್ತಿದೆ ಎಂದು ನೋಡಲೇ ಇಲ್ಲ.

ಜುಲೈ 16, ಬುಧವಾರ

ಐದನೇ ತರಗತಿ ಹಿಂದಕ್ಕೆ, ಸ್ಟಾಫ್ ರೂಮು ಮುಂದಕ್ಕೆ — ಕೇಳಿಯೇಬಿಟ್ಟೆ. ಗಣಿತದ ಗುರುಪಾದಸ್ವಾಮಿ, "ನಾವೇನ್ ಮಿಸ್ ಬೀದಿಗೆ ಬೀಳ್ಬೇಕಾ?" ಎಂದು ರೇಗಿದರು. ಮುಂದಿನ ಕೊಠಡಿಯ ಕಿಟಕಿಯಿಂದಲೇ ಟೀ ಅಂಗಡಿಯವನನ್ನು ಕೂಗಬಹುದು ಎಂದೆ. ಯೋಚಿಸಿ ಹೇಳುತ್ತೇನೆ ಎಂದರು. ಮಧ್ಯಾಹ್ನ ಒಪ್ಪಿದರು.

ಹೆಡ್ಮಾಸ್ಟರು ಎಲ್ಲರೂ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದರು, "ಮಾಡೋಣ ಮಿಸ್. ಆದ್ರೆ... ಹಿಂದುಗಡೆಗೆ ಹಾರ್ನ್ ಕೇಳಿಸಲ್ಲ."

"ಅದಕ್ಕೇ ಸರ್ ಹಿಂದುಗಡೆ ಬೇಕಾಗಿರೋದು" ಎಂದೆ. ಜೋರಾಗಿಯೇ ಹೇಳಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಕಿಟಕಿ ಹೊರಗೇ ನೋಡುತ್ತಿದ್ದೆ. ಕಣ್ಣಿಗೆ ಧೂಳು ಎಂದು ಪಕ್ಕದವಳಿಗೆ ಹೇಳಿದೆ.

ಜುಲೈ 20, ಭಾನುವಾರ

ಇವರು ಡಿಪೋ ಎದುರಿನ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬು ತಂದು ಹಜಾರದಲ್ಲಿ ಹರಡಿಕೊಂಡು ಕತ್ತರಿಸುತ್ತಿದ್ದಾರೆ. ಬೆಂಚಿನ ಕಾಲಿಗೆ ಬೂಟು. ಎಳೆದರೆ ಕಿರ್ ಎನ್ನಬಾರದಲ್ಲ.

"ನಿಮ್ ಬೆಂಚ್ಗೆ ಟ್ಯೂಬ್ಲೆಸ್ ಆಕ್ಬುಡ್ಲಾ?" ಎಂದು ಅವರ ಜೋಕಿಗೆ ಅವರೇ ನಕ್ಕರು. ಒಂದೊಂದು ತುಂಡನ್ನೂ ಅಳೆದು, ಮೂಸಿ, ತೊಳೆದು ಒಣಗಿಸಿದರು. ಕೊಠಡಿ ಹಿಂದಕ್ಕೆ ಹೋಗುತ್ತಿದೆ ಎಂದು ಹೇಳಬೇಕು. ಇವರ ಬಗ್ಗಿಸಿದ ತಲೆಯ ಕೂದಲು ನೋಡಿದೆ, ಪೂರ್ತಿ ಬೆಳ್ಳಗಾಗುತ್ತಿದೆ. ಹೇಳಲಿಲ್ಲ. ನಾಳೆ ಹೇಳಿದರಾಯಿತು.

ಜುಲೈ 25, ಶುಕ್ರವಾರ

ಹಿಂದಿನ ಕೊಠಡಿ ಸಿದ್ಧ. ರಾಚಮ್ಮ ಮಂಡಿಯಿಂದ ಹಳೇ ಗೋಣಿಚೀಲ ಹೊತ್ತು ತಂದಳು, ಒಗೆದು ಒಣಗಿಸಿ. ಗೋಡೆಗೆ ಎರಡೆರಡು ಪದರ ಹೊಡೆದು ಮೇಲೆ ಮಕ್ಕಳ ಚಿತ್ರ ಅಂಟಿಸಿದೆವು. ಚಪ್ಪಾಳೆ ತಟ್ಟಿದೆ. ಟಪ್. ಅಷ್ಟೇ. ಖಾಲಿ ಕೊಠಡಿ ಅಳೆದರೆ ನಲವತ್ತೊಂದು. ಮೂವತ್ತೈದಲ್ಲ, ಆದರೂ ಅರವತ್ತೈದೆಲ್ಲಿ, ಇದೆಲ್ಲಿ!

ರಾಚಮ್ಮನನ್ನು ಮೊದಲು ಹಳೇ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ನಾನು ಬೋರ್ಡಿನ ಹತ್ತಿರ ನಿಂತು, ಬಾಯಿ ಕಾಣದಂತೆ ಪುಸ್ತಕ ಹಿಡಿದು ಹಕ್ಕಿ ಎಂದೆ. ಅಕ್ಕಿ ರಾಶಿ ತೋರಿಸಿದಳು. ಇನ್ನೊಂದು, ಮತ್ತೊಂದು. ಎಲ್ಲಾ ಅಡ್ಡಾದಿಡ್ಡಿ. ಆಮೇಲೆ ಹಿಂದಿನ ಕೊಠಡಿಗೆ. ಎಲ್ಲಾ ಸರಿ.

ಚಿತ್ರಗಳನ್ನು ತಿರುವಿ ತಿರುವಿ ನೋಡುತ್ತಾ ಕೂತಳು. "ಅಂಗಾರೆ ನನ್ ಮಗ್ಳು ದಡ್ಡಿ ಅಲ್ಲ ಅಂತೀರಾ ಮಿಸ್?"

"ನೀನು ದಡ್ಡಿಯಾ?"

"ನಾನ್ಯಾಕ್ ದಡ್ಡಿ, ಮಂಡೀಲಿ ಒಂದ್ ಕೊಳ್ತಿರೋ ಈರುಳ್ಳೀನೂ ಬುಡಲ್ಲ ನಾನು."

"ನಿನ್ನ ಮಗಳೂ ಅಷ್ಟೇ."

ಹರವೆ ವಿಚಾರ ಎತ್ತಿದೆ. "ನಮ್ಮವ್ವುನ್ಗೆ ಮಾತ್ ಕೊಟ್ಬುಟ್ಟಿವ್ನಿ..." ಎಂದಳು. ಇನ್ನೂ ಗಟ್ಟಿಯಿಲ್ಲ.

ಜುಲೈ 28, ಸೋಮವಾರ

ಹೊಸ ಕೊಠಡಿಯಲ್ಲಿ ಮೊದಲ ದಿನ. ನಾನು ಕಿರುಚಲಿಲ್ಲ. ಕಿರುಚುವ ಅಗತ್ಯವೇ ಬರಲಿಲ್ಲ. ಮಾತಾಡಿದೆ ಅಷ್ಟೇ, ಮನೆಯಲ್ಲಿ ಮಾತಾಡುವ ಹಾಗೆ. (ಇವರನ್ನು ಕೇಳಿದರೆ ಮನೆಯಲ್ಲೂ ಕಿರುಚುತ್ತಾಳೆ ಎನ್ನುತ್ತಾರೆ.)

ಹನ್ನೊಂದೂಮುಕ್ಕಾಲು ಆಯಿತು. ಹನ್ನೆರಡಾಯಿತು. ಬೇವಿನ ಮರದಲ್ಲಿ ಅಳಿಲು. ಮಧ್ಯಾಹ್ನ ಊಟದ ಹೊತ್ತಿಗೆ ಹೆಡ್ಮಾಸ್ಟರು ಹತ್ತಿರ ಬಂದು, "ನಿಮ್ಮೋರು ಹೋದ್ರು ಮಿಸ್" ಎಂದರು.

ಸಂಜೆ ಇವರು, "ಇವತ್ತು ಒಂಚೂರು ಲೇಟು. ಕೇಳುಸ್ತಾ?"

"ಹೂಂ" ಎಂದೆ.

ಆಗಸ್ಟ್ 11, ಸೋಮವಾರ

ದಿನಾ 'ಹೂಂ' ಎಂದು ಎಂದು, ಇವತ್ತು ಸಿಕ್ಕಿಬಿದ್ದೆ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹೆಡ್ಮಾಸ್ಟರು ಇವರಿಗೆ ಸಿಕ್ಕಿದರಂತೆ. "ಶಿವರಾಮಣ್ಣ, ಮಿಸ್ ಹಿಂದುಗಡೆ ಹೋದ್ರೂ ದಿನಾ ತಪ್ಪದೆ ನಮಗೆ ನಮಸ್ಕಾರ ಹೇಳಿ ಹೋಗ್ತೀರಿ, ಬಹಳ ಸಂತೋಷ" ಎಂದು ಕೈಮುಗಿದರಂತೆ. ತಮಾಷೆಗೆ. ಕೊಠಡಿ ಬದಲಾದದ್ದನ್ನು ಇವರಿಗೆ ನಾನು ಹೇಳಿದ್ದೇನೆ ಎಂದುಕೊಂಡಿದ್ದಾರೆ ಪಾಪ.

ಇವರು ಮನೆಗೆ ಬಂದು ಚಪ್ಪಲಿ ಬಿಡದೆ ನಿಂತರು. "ಅಂಗಾರೆ ಇಷ್ಟ್ ದಿನ್ವೂ ನಾನ್ ಒಡ್ದಿದ್ದು ನಿಮ್ ಎಡ್ಮಾಸ್ಟ್ರುಗಾ?"

ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. ಇವರು ನಗಲಿಲ್ಲ. ಆಮೇಲೆ ಇವರೂ ನಕ್ಕರು. ಆಮೇಲೆ ಇಬ್ಬರೂ ನಿಲ್ಲಿಸಿದೆವು.

ಎಲ್ಲಾ ಹೇಳಿದೆ. ಶಿವರಂಜಿನಿ, ಕಿವಿ, ಅಕ್ಕಿ, ತೊಂಬತ್ತಾರು. ತಲೆ ತಗ್ಗಿಸಿ ಕೇಳಿದರು. "ಅಷ್ಟ್ ಐಕ್ಳ್ ಪಾಠ ಕೆಡುಸ್ತಿದ್ನಲ್ಲ ಅಮ್ಮಿ. ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ನಿಲ್ಲುಸ್ಬುಡ್ತಿದ್ರಿ."

"ನಿಲ್ಲುಸ್ದೆ?"

"ಅದ್ಕೇ ಯೋಳ್ಲಿಲ್ಲ."

ಎದ್ದು ಹೋಗಿ ಟಿವಿ ಹಾಕಿದರು. ದನಿ ಚಿಕ್ಕದಾಗಿಟ್ಟರು, ಯಾವತ್ತೂ ಇಲ್ಲದ್ದು.

ಆಗಸ್ಟ್ 13, ಬುಧವಾರ

ಹೆಡ್ಮಾಸ್ಟರು: "ಇವತ್ತು ಬಂಡೀಪುರದ ಬಸ್ಸು ಬರಲಿಲ್ವಾ ಮಿಸ್?"

ಬಂದಿತ್ತು. ಸದ್ದಿಲ್ಲದೆ ಹೋಯಿತು.

ನನ್ನ ಕಿವಿಗೆ ಹೇಗೂ ಬೀಳುತ್ತಿರಲಿಲ್ಲ. ಆದರೂ ಮುಂದಿನ ರಸ್ತೆಯಲ್ಲಿ ಅದೊಂದು ಇದೆ ಎಂದು ಗೊತ್ತಿರುತ್ತಿತ್ತಲ್ಲ. ಮಕ್ಕಳಿಗೆ ಒಳ್ಳೆಯದಾಯಿತು, ಗಂಟಲಿಗೆ ಒಳ್ಳೆಯದಾಯಿತು. ನಾನು ಮಾತ್ರ ಹನ್ನೊಂದೂಮುಕ್ಕಾಲಿಗೆ ಗಡಿಯಾರ ನೋಡುತ್ತೇನೆ.

ಆಗಸ್ಟ್ 28, ಗುರುವಾರ

ಹಬ್ಬ ಮುಗಿಯಿತು. ಮೊದಲ ಬೆಂಚು ಖಾಲಿ. ಶಿವರಂಜಿನಿ ಬಂದಿಲ್ಲ. ರಾಚಮ್ಮನ ಫೋನ್ ಸ್ವಿಚ್ ಆಫ್. ಕೊಠಡಿ ಎಷ್ಟು ಸದ್ದಿಲ್ಲದೆ ಇದೆಯೆಂದರೆ ಸಿಟ್ಟು ಬರುತ್ತಿದೆ. ಯಾರಿಗೆಂದು ಇಷ್ಟೆಲ್ಲಾ ಮಾಡಿದ್ದು?

ಆಗಸ್ಟ್ 29, ಶುಕ್ರವಾರ

ಬಂದಳು! ಪ್ರಾರ್ಥನೆ ಮುಗಿದ ಮೇಲೆ, ಓಡಿಕೊಂಡು, ತಲೆಯಲ್ಲಿ ಬಾಡಿದ ಸೇವಂತಿಗೆ. "ಬಸ್ಸು ತಪ್ಪೋಯ್ತು ಮಿಸ್." ಹಿಂದೆಯೇ ರಾಚಮ್ಮ. "ನಮ್ಮವ್ವುನ್ಗೂ ಚಿತ್ರ ಬರ್ದು ಪರೀಕ್ಸೆ ಮಾಡ್ಬುಟ್ಲು ಕಣ ಮಿಸ್ ಇವ್ಳು. 'ಮೇಷ್ಟ್ರಾಗೊ ಮಗೀನ ಆಡ್ ಕಾಯಕ್ ಆಕ್ತೀಯ?' ಅಂತ ನಮ್ಮವ್ವನೇ ಉಗುದು ಕಳ್ಸುದ್ಲು."

ಹುಡುಗರು ಇನ್ನೂ ಅಕ್ಕಿಡಬ್ಬ ಅಂತಾರಾ ಎಂದು ಕೇಳಿದೆ. "ಅಂತರೆ ಮಿಸ್. ಆರೋ ಅಕ್ಕಿ ಡಬ್ಬ ಅನ್ನಿ ಅಂತ ಯೋಳ್ಕೊಟ್ಟಿವ್ನಿ" ಎಂದಳು.

ಆಗಸ್ಟ್ 30, ಶನಿವಾರ

ಇವರಿಗೆ ವಾರದ ರಜೆ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, "ಆ ರೂಮ್ನ ಒಂದ್ ಸಲ ನೋಡ್ಬೇಕು, ನಡಿ ಓಗನ" ಎಂದರು. ಮೊದಲ ಸಲ ಒಂದೇ ಬಸ್ಸಿನಲ್ಲಿ ಶಾಲೆಗೆ. ದಾರಿಯುದ್ದಕ್ಕೂ ಆ ಡ್ರೈವರಿಗೆ ಇವರೇ ಒಳಗೊಳಗೇ ಬೈಯುತ್ತಿದ್ದರು.

ಮಕ್ಕಳಿಗೆ ಹಬ್ಬ. ಇವರನ್ನು ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂರಿಸಿದವು. ಬೆಂಚಿನ ಕಾಲಿಗೆ ತಾವೇ ಹಾಕಿದ ಬೂಟು ಬಗ್ಗಿ ನೋಡಿದರು. ಗೋಣಿ ತಟ್ಟಿ ನೋಡಿದರು.

ಆಮೇಲೆ ಆಟ. ಈಗ ಅದರ ಯಜಮಾನಿ ಶಿವರಂಜಿನಿ. ನಾನು ಬೋರ್ಡಿಗೆ ಮುಖ ಮಾಡಿ ನಿಲ್ಲಬೇಕು. ಹಿಂದಿನ ಬೆಂಚಿನವರು ಮೆಲ್ಲಗೆ ಒಂದು ಪದ ಹೇಳಬೇಕು. ಕೇಳಿಸಿದ್ದನ್ನು ನಾನು ಬರೆಯಬೇಕು. ಊವು ಬಂತು, ಅಲಸು ಬಂತು, ಬೇಕೆಂತಲೇ ಅಕ್ಕಿ ಬಂತು. ಎಲ್ಲಾ ಬರೆದೆ.

"ಈಗ ನೀವ್ ಯೋಳಿ ಮಾಮ. ಮೆಲ್ಲುಗೆ. ಕಿರುಚಂಗಿಲ್ಲ."

"ನಂಗೇನ್ ಬತ್ತದವ್ವ, ಆರ್ನ್ ಒಡ್ಯೋನ್ಗೆ" ಎಂದರು. ಮಕ್ಕಳು ಬಿಡಲಿಲ್ಲ. ಆಮೇಲೆ ಎಲ್ಲಾ ನಿಶ್ಶಬ್ದ. ಫ್ಯಾನೂ ಇರಲಿಲ್ಲ. ಇವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಉಗುಳು ನುಂಗಿದ್ದೂ ಕೇಳಿಸಿತು.

ಆಮೇಲೆ ಎರಡು ಅಕ್ಷರ. ಉಸಿರಿನಷ್ಟು ಮೆಲ್ಲಗೆ. ಆ ಮೂಲೆಯಿಂದ ಈ ಮೂಲೆಗೆ, ಒಂದು ಚೂರೂ ಚೆಲ್ಲದೆ.

ನನ್ನ ಕಿವಿಯೇ ತಪ್ಪೇನೋ ಎಂದುಕೊಂಡೆ. ತಿರುಗಿ ನೋಡಲಿಲ್ಲ, ಆಟದ ನಿಯಮ. "ಕೇಳುಸ್ತಾ ಮಿಸ್? ಬರೀರಿ ಮಿಸ್, ಬರೀರಿ!" ಸೀಮೆಸುಣ್ಣ ಎತ್ತಿ 'ಭಾ' ಬರೆದೆ. ಹಾರ್ನ್ ಯಾಕೆ ಎರಡೇ ಸಲ ಎಂದು ಆಗ ಹೊಳೆಯಿತು. ಇಷ್ಟು ವರ್ಷ, ದಿನಾ, ಆ ರಸ್ತೆಯಲ್ಲಿ, ಊರಿಗೆಲ್ಲಾ ಕೇಳುವ ಹಾಗೆ... ಇನ್ನೊಂದು ಅಕ್ಷರವನ್ನೂ ಬರೆದೆ: 'ಗ್ಯ'.